ಮಿಕ್ಕ ಸಾರು

ಸರಳಾ ಮಗಳಿಗೆ ಜಡೆ ಹಾಕುತ್ತಿದ್ದಳು. ಬಲಗೈಯಿಂದ ಕೂದಲಿನ ಎಳೆ ಜಾರಿತು. ಹಿಡಿದಳು, ಮತ್ತೆ ಜಾರಿತು. ಹೊರಗೆ ಸ್ಕೂಲ್ ಬಸ್ಸು ತಿರುವಿನಲ್ಲಿ ಬ್ರೇಕ್ ಹಾಕಿದ ಸದ್ದು ಕೇಳಿಸಿತು.

“ಅಮ್ಮಾ, ಇಟ್ಸ್ ಟೂ ಲೂಸ್,” ಎಂದಳು ಎಂಟು ವರ್ಷದ ಲೀನಾ.

“ಇರು ಪುಟ್ಟಿ. ಕೈ ಯಾಕೋ ಸೋಲ್ತಿದೆ.”

“ಸೋಲದೇ ಇನ್ನೇನಾಗತ್ತೆ?” ಅಡಿಗೆಮನೆಯಿಂದ ಅತ್ತೆ ಕೌಸಲ್ಯಮ್ಮನ ದನಿ ಬಂತು. “ಆಫೀಸಿನಲ್ಲಿ ದಿನವಿಡೀ ಆ ಮೆಷೀನು ಕುಟ್ಟಿ ಬಂದ್ರೆ ಮಗೂಗೆ ಜಡೆ ಹಾಕೋಕೆ ಕೈ ಎಲ್ಲಿ ಉಳಿಯತ್ತೆ? ಬಾರೇ ಇಲ್ಲಿ, ನಾನು ಹಾಕ್ತೀನಿ.”

ಅದು ಎಪ್ಪತ್ಮೂರನೇ ಇಸವಿಯ ಅಕ್ಟೋಬರ್. ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನಿನ ಇಟ್ಟಿಗೆಯ ಮನೆ. ಸರಳಾಳ ಗಂಡ ತಿರುಮಲೇಶ ಕಾರು ಕಾರ್ಖಾನೆಯಲ್ಲಿ ಗೇರು ಡಿಸೈನ್ ಮಾಡುವ ಇಂಜಿನಿಯರು. ಸರಳಾ ಡೆಟ್ರಾಯಿಟಿನ ಒಂದು ವಿಮಾ ಕಂಪನಿಯಲ್ಲಿ ಕೀಲಿ ಒತ್ತಿ ಕಂಪ್ಯೂಟರಿನ ಕಾರ್ಡು ಪಂಚ್ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಕೌಸಲ್ಯಮ್ಮ ಮೈಸೂರಿನಿಂದ ಮಗನ ಬಳಿಗೆ ಬಂದು ಎರಡು ವರ್ಷವಾಗಿತ್ತು. ಬರುವಾಗ ತಂದ ಸಾಮಾನಿನಲ್ಲಿ ಮುಖ್ಯವಾದದ್ದು ಸೀರೆಯಲ್ಲಿ ಸುತ್ತಿದ ಒಂದು ಹಿತ್ತಾಳೆ ಪಾತ್ರೆ. ಸಾರು ಅಂದರೆ ಅವರಿಗೆ ಆ ಪಾತ್ರೆಯಲ್ಲಿ ಕುದಿದದ್ದು ಮಾತ್ರ.

ಹಿತ್ತಾಳೆಗೆ ಒಳಗಡೆ ತವರದ ಕಲಾಯಿ ಬೇಕು. ಈ ದೇಶದಲ್ಲಿ ಓಣಿಗೆ ಬಂದು ತಿದಿ ಹೂಡುವ ಕಲಾಯಿಯವನಿಲ್ಲ. ಆ ಬೇಸಿಗೆಯಲ್ಲಿ ಪಾತ್ರೆಯೊಳಗಿನ ಬಿಳುಪು ಪೂರ್ತಿ ಸವೆದು, ಸಾರು ಗಂಟಲು ಕೆರೆಯತೊಡಗಿತ್ತು. “ಒಳಗೆಲ್ಲ ಕಿಲುಬು ಹಿಡಿದಿದೆ ಕಣೋ. ಇಷ್ಟು ದೊಡ್ಡ ಕಾರ್ಖಾನೇಲಿ ಇದೀಯ, ಒಂದು ಪಾತ್ರೆಗೆ ಕಲಾಯಿ ಹಾಕ್ಸಕ್ಕೆ ಆಗಲ್ವೇನೋ?” ಎಂದು ಕೌಸಲ್ಯಮ್ಮ ಮಗನ ಹಿಂದೆ ಬಿದ್ದಿದ್ದರು. ಒಂದು ಭಾನುವಾರ ತಿರುಮಲೇಶ ಗ್ಯಾರೇಜಿನಲ್ಲಿ ಕೂತು ತಾನೇ ಕಲಾಯಿ ಹಾಕಿದ. ಕಾರಿನ ತಗಡು ಕೂಡುವ ಕಡೆ ಸಂದು ತುಂಬುವುದಕ್ಕೆ ಕಾರ್ಖಾನೆಯಲ್ಲಿ ಬಳಸುವ ಬೆಳ್ಳಿ ಬಣ್ಣದ ಕಡ್ಡಿ ತಂದಿದ್ದ. ನವಸಾಗರ ಉಜ್ಜಿ, ಟಾರ್ಚಿನಿಂದ ಕಾಯಿಸಿ, ಕಡ್ಡಿ ಕರಗಿಸಿ, ಬಟ್ಟೆಯಿಂದ ಒಂದು ಸುತ್ತು ಒರೆಸಿದ. ಪಾತ್ರೆಯೊಳಗೆ ಮುಖ ಕಾಣುವಷ್ಟು ಹೊಳಪು ಬಂತು. “ನೋಡೇ, ನನ್ನ ಮಗನಿಗೆ ಬರದ ವಿದ್ಯೆ ಇಲ್ಲ,” ಎಂದು ಕೌಸಲ್ಯಮ್ಮ ಊಟಕ್ಕೆ ಬಂದವರಿಗೆಲ್ಲ ಅದನ್ನು ತೋರಿಸಿದರು. ಸರಳಾಳಿಗೂ ಹೆಮ್ಮೆಯಾಗಿತ್ತು. ಅಂದಿನಿಂದ ಸಾರಿಗೆ ಒಂದು ಬಗೆಯ ಸಿಹಿ ಬಂದಿತ್ತು.

“ಬೆಲ್ಲ ಜಾಸ್ತಿ ಹಾಕ್ತಿದೀರಾ ಅಮ್ಮಾ?” ಎಂದು ಅವಳು ಒಮ್ಮೆ ಕೇಳಿದ್ದಳು.

“ಬೆಲ್ಲ ಎಲ್ಲಿಂದ ಬಂತು? ಪಾತ್ರೆ ಗುಣ ಅದು.”

ಆ ಮನೆಯ ಊಟಕ್ಕೆ ಒಂದು ಕ್ರಮವಿತ್ತು. ಕೌಸಲ್ಯಮ್ಮ ಸ್ನಾನ ಮಾಡಿ, ಮಡಿಯಲ್ಲಿ ಅಡಿಗೆ ಇಳಿಸಿ, ಒಂದು ಹೊತ್ತು ಬಿಸಿಯಾಗಿ ಉಣ್ಣುತ್ತಿದ್ದರು, ತಂಗಳು ಮುಟ್ಟುತ್ತಿರಲಿಲ್ಲ. ತಿರುಮಲೇಶನಿಗೆ ರಾತ್ರಿ ಒಂದು ಸೌಟು ಸಾರು ಸಾಕು, ಮಧ್ಯಾಹ್ನ ಅವನದು ಕ್ಯಾಂಟೀನು. ಲೀನಾ ಸಾರೆಂದರೆ ಮುಖ ಕಿವುಚಿಕೊಳ್ಳುತ್ತಿದ್ದಳು. ಮಿಕ್ಕ ಸಾರು ಅದೇ ಪಾತ್ರೆಯಲ್ಲಿ, ಒಲೆಯ ಪಕ್ಕದಲ್ಲೇ, ರಾತ್ರಿಯೆಲ್ಲ ಇರುತ್ತಿತ್ತು. ಫ್ರಿಜ್ಜಿನಲ್ಲಿ ಲೀನಾಳ ಮೊಟ್ಟೆ ಇರುತ್ತಿದ್ದುದರಿಂದ ಕೌಸಲ್ಯಮ್ಮನ ಪಾತ್ರೆ ಅದರೊಳಗೆ ಹೋಗುವಂತಿರಲಿಲ್ಲ. ಬೆಳಿಗ್ಗೆ ಸರಳಾ ಆ ಸಾರನ್ನು ಥರ್ಮಾಸಿಗೆ ಬಗ್ಗಿಸಿಕೊಂಡು ಆಫೀಸಿಗೆ ಒಯ್ಯುತ್ತಿದ್ದಳು. ಚೆಲ್ಲಬಾರದು, ಅಷ್ಟೇ. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳೂ ಯಾರನ್ನೂ ಕೇಳಿರಲಿಲ್ಲ.

ಜಡೆ ಸಡಿಲವಾಗುವ ಮೊದಲೇ ಹೊಟ್ಟೆ ತಿರುಚತೊಡಗಿತ್ತು. ಅನ್ನದ ಮೇಲೆ ಮನಸ್ಸಿರಲಿಲ್ಲ, ಮುಖ ಬಿಳಿಚಿಕೊಂಡಿತ್ತು. ಕೌಸಲ್ಯಮ್ಮ ಒಂದು ವಾರ ಅವಳನ್ನು ಓರೆಗಣ್ಣಿನಿಂದ ನೋಡಿ, ಆಮೇಲೆ ಪಾತ್ರೆ ತೊಳೆಯುವ ಕೆಲಸ ತಾವೇ ವಹಿಸಿಕೊಂಡರು.

“ಭಾರ ಎತ್ತಬೇಡ ನೀನು. ಲೀನಾಗೂ ಒಬ್ಬ ತಮ್ಮ ಬೇಕಲ್ಲ.”

“ಅಂಥದ್ದೇನೂ ಇಲ್ಲಮ್ಮಾ.”

“ಇದೆಯೋ ಇಲ್ಲವೋ ಡಾಕ್ಟರ್ ಹೇಳ್ಲಿ. ಸಾರನ್ನವಾದ್ರೂ ಸರಿಯಾಗಿ ತಿನ್ನು, ಹೊಟ್ಟೆಗೆ ಹಿತ.”

ಡಾಕ್ಟರು ಇಲ್ಲವೆಂದರು. ಮಾರನೆಯ ದಿನದಿಂದ ಪಾತ್ರೆಗಳು ಮತ್ತೆ ಸರಳಾಳ ಪಾಲಿಗೆ ಬಂದವು.

ನವೆಂಬರ್ ಕೊನೆಯ ಹೊತ್ತಿಗೆ ಬಲ ಮಣಿಕಟ್ಟು ಬಿದ್ದೇ ಹೋಯಿತು. ಕೈ ಮುಂದೆ ಚಾಚಿದರೆ ಅಂಗೈ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ಬೆರಳು ಮಡಿಸಬಹುದು, ಬಿಡಿಸಲಾಗದು. ಕೀಲಿಯ ಮೇಲೆ ಇಟ್ಟ ಬೆರಳು ಅಲ್ಲಿಯೇ ಕೂರುತ್ತಿತ್ತು. ತಪ್ಪು ಕಾರ್ಡುಗಳು ರಾಶಿಯಾದವು. ಸೂಪರ್‌ವೈಸರ್ ಹೆಂಗಸು ಒಳ್ಳೆಯವಳು. ಸಂಬಳವಿಲ್ಲದ ರಜೆ ಕೊಟ್ಟು, “ವಸಂತದವರೆಗೆ ಕಾಯುತ್ತೇನೆ, ಕೈ ಸರಿಮಾಡಿಕೊಂಡು ಬಾ,” ಎಂದಳು. ಹತ್ತಿರದ ಡಾಕ್ಟರು, ನಿದ್ದೆಯಲ್ಲಿ ತೋಳು ಅಡಿಗೆ ಬಿದ್ದು ನರ ಒತ್ತಿಕೊಂಡಿದೆ, ತಾನೇ ಹೋಗುತ್ತದೆ ಎಂದು ಪಟ್ಟಿ ಕಟ್ಟಿ ಕಳಿಸಿದರು. ತಾನೇ ಹೋಗಲಿಲ್ಲ.

ಡಬ್ಬದ ಮುಚ್ಚಳ, ಬ್ಲೌಸಿನ ಹುಕ್ಕು, ಬಾಗಿಲ ಹಿಡಿ, ಎಲ್ಲಕ್ಕೂ ಎಡಗೈ. ಎಡಗೈಯಲ್ಲಿ ಬಡಿಸಿದಾಗ ಕೌಸಲ್ಯಮ್ಮ ತಟ್ಟೆ ಹಿಂದಕ್ಕೆಳೆದುಕೊಂಡರು.

“ಎಡಗೈಯಲ್ಲಿ ಅನ್ನ ಹಾಕ್ತಾರೇನೇ?”

“ಬಲಗೈ ಏಳ್ತಿಲ್ಲಮ್ಮಾ.”

“ಹಾಗಾದ್ರೆ ನಾನೇ ಬಡಿಸಿಕೋತೀನಿ ಬಿಡು.”

“ಅಮ್ಮಾ, ಅವಳಿಗೆ ಆಗ್ತಿಲ್ಲ ಅಂದ್ರೆ ಆಗ್ತಿಲ್ಲ,” ಎಂದ ತಿರುಮಲೇಶ. ಅವನೇ ಫೋನು ಮಾಡಿ ಶಿಕಾಗೋದ ಶರಣಪ್ಪನವರನ್ನು ಹಿಡಿದ. ಯುಗಾದಿಯ ಊಟದಲ್ಲಿ ಪರಿಚಯವಾಗಿದ್ದ ಗುಲ್ಬರ್ಗದ ಕಡೆಯವರು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರಗಳ ಡಾಕ್ಟರು.

ಪೆಟ್ರೋಲಿಗೆ ಬರಗಾಲ ಬಂದಿದ್ದ ಡಿಸೆಂಬರ್ ಅದು. ಭಾನುವಾರ ಬಂಕುಗಳು ಮುಚ್ಚುವುದರಿಂದ ಶುಕ್ರವಾರ ರಜೆ ಹಾಕಿ, ಟ್ಯಾಂಕು ತುಂಬಿಸಿಕೊಂಡು ಮೂವರೂ ಹೊರಟರು. ಕೌಸಲ್ಯಮ್ಮ ಬರಲಿಲ್ಲ, ದಾರಿಗೆಂದು ಪುಳಿಯೋಗರೆ ಕಟ್ಟಿಕೊಟ್ಟರು.

ಶರಣಪ್ಪ ಮೊದಲು ಪರೀಕ್ಷೆಯ ಸೂಜಿ, ಯಂತ್ರ ಮುಟ್ಟಲಿಲ್ಲ. “ಟ್ರಾಫಿಕ್ ಪೊಲೀಸ್ ಗಾಡಿ ನಿಲ್ಲಸ್ತಾನಲ್ಲ, ಹಂಗ ಎರಡೂ ಕೈ ಎತ್ರಿ ನೋಡೂನು,” ಎಂದರು. ಎಡಗೈ ಎದ್ದಿತು, ಬಲಗೈ ಜೋತುಬಿತ್ತು. ಅವರು ಎಡಗೈಯನ್ನೂ ಬೆರಳಿನಿಂದ ಒತ್ತಿದರು. ಅದೂ ಸ್ವಲ್ಪ ಸೋತು ಕೆಳಗಿಳಿಯಿತು. “ಇದೂ ಶುರು ಆಗ್ಯದ,” ಎಂದು ಮೆಲ್ಲಗೆ ಅಂದರು. ಆಮೇಲೆ ಹತ್ತಿಯಿಂದ ಮುಟ್ಟಿ, ಪಿನ್ನಿನಿಂದ ಚುಚ್ಚಿ ಕೇಳಿದರು.

“ಗೊತ್ತಾಗ್ತದೇನ್ರಿ?”

“ಚೆನ್ನಾಗಿ ಗೊತ್ತಾಗತ್ತೆ.”

“ಮುಟ್ಟಿದ್ದು ಗೊತ್ತಾಗ್ತದ, ಎತ್ತಾಕ ಮಾತ್ರ ಬರೂದಿಲ್ಲ. ತೋಳು ಒತ್ತಿ ಆಗಿದ್ದಲ್ಲ ಇದು.”

ಯಂತ್ರದ ಕೋಣೆಯಲ್ಲಿ ಮೊದಲು ನರದ ಮೇಲೆ ಸಣ್ಣ ಸಣ್ಣ ಶಾಕು ಕೊಟ್ಟು ಅಳತೆ ಮಾಡಿದರು. ಆಮೇಲೆ ಮುಂಗೈಯೊಳಗೆ ತೆಳ್ಳನೆಯ ಸೂಜಿ ಇಳಿಸಿದರು. ಪರದೆಯ ಮೇಲೆ ಹಸಿರು ಗೆರೆ ಓಡಿತು. ಸ್ಪೀಕರಿನಿಂದ, ಸ್ಟೇಷನ್ ಸಿಗದ ರೇಡಿಯೋದಿಂದ ಬರುವಂಥ ಚಿಟಪಟ ಸದ್ದು. ಲೀನಾ ಕಿವಿ ಮುಚ್ಚಿಕೊಂಡಳು.

“ಇಸ್ ದಟ್ ಅಮ್ಮಾ ಮೇಕಿಂಗ್ ದಟ್ ನಾಯ್ಸ್?”

“ಯೆಸ್, ಬೇಬಿ.” ಶರಣಪ್ಪ ಸರಳಾಳ ಕಡೆ ತಿರುಗಿದರು. “ಕೈ ಪೂರಾ ಸಡಲ ಬಿಟ್ಟೀರಲ್ರಿ? ಹಂಗಿದ್ದಾಗ ಸ್ನಾಯು ಸುಮ್ಮನಿರಬೇಕು. ನಿಮ್ಮದು ತಾನ ತಾನ ವಟಗುಟ್ಟಲಿಕ್ಕತ್ತದ. ಮ್ಯಾಲಿಂದ ನರದ ಅಪ್ಪಣೆ ಬರವಲ್ದು ಅಂದಾಗ ಹಿಂಗ ಮಾಡ್ತದ.”

“ವಾಪಸ್ ಬರತ್ತಾ ಡಾಕ್ಟ್ರೇ? ಕೈ?”

“ಕಾರಣ ಸಿಕ್ಕರ ಬರ್ತದ. ಸಿಗಲಿಲ್ಲ ಅಂದ್ರ ಎಡಗೈನೂ ಹೋಗ್ತದ. ಸುಳ್ಳ್ಯಾಕ ಹೇಳ್ಲಿ?” ಅವಳ ತುಟಿ ಸರಿಸಿ ಒಸಡು ನೋಡಿದರು. ಹೊಟ್ಟೆಯ ವಿಚಾರ ಕೇಳಿದರು. ಕೇಳುತ್ತಾ ಕೇಳುತ್ತಾ ಅವರ ದನಿ ನಿಧಾನವಾಯಿತು. “ಮನ್ಯಾಗ ಯಾರರ ಹಳೇ ಪೇಂಟ್ ಕೆರದೀರೇನು? ಬ್ಯಾಟರಿ? ಬೆಸುಗೆ ಕೆಲಸ? ನಾನು ಸೀಸದ ಸಲುವಾಗಿ ಕೇಳ್ಲಿಕ್ಕತ್ತೀನಿ.”

ಸರಳಾ ಇಲ್ಲವೆಂದು ತಲೆಯಾಡಿಸಿದಳು. ಗಂಡನ ಕಡೆ ನೋಡಿದಳು. ತಿರುಮಲೇಶ ಬಾಯಿ ತೆರೆದವನು ಲೀನಾಳ ಕೋಟಿನ ಗುಂಡಿ ಹಾಕತೊಡಗಿದ. “ಇಲ್ಲ. ಅಂಥದ್ದೇನಿಲ್ಲ,” ಎಂದ.

ಮುಂದಿನ ವಾರ ಫೋನು ಬಂತು. ರಕ್ತದಲ್ಲಿ ಸೀಸ ಬೇಕಾದಷ್ಟಿತ್ತು. ಶರಣಪ್ಪನವರೇ ಮಾತಾಡಿ ಡೆಟ್ರಾಯಿಟಿನ ಆಸ್ಪತ್ರೆಗೆ ಸೇರಿಸಿದರು. ರಕ್ತನಾಳದೊಳಕ್ಕೆ ಹನಿಹನಿಯಾಗಿ ಔಷಧಿ ಇಳಿಸಿ, ಸೀಸವನ್ನು ಮೂತ್ರದಲ್ಲಿ ಹೊರಗೆ ಕಳಿಸುವ ಚಿಕಿತ್ಸೆ. “ಇದು ಬಕೀಟು ತಗೊಂಡು ನೀರು ಎತ್ತಿ ಹಾಕಿದಂಗ್ರಿ. ಮೊದಲ ನಲ್ಲಿ ಬಂದ್ ಮಾಡ್ಬೇಕು. ಎಲ್ಲಿಂದ ಬರ್ತದ ಅಂತ ಹುಡುಕ್ರಿ,” ಎಂದಿದ್ದರು ಫೋನಿನಲ್ಲಿ.

ಆರೋಗ್ಯ ಇಲಾಖೆಯವನೊಬ್ಬ ಬಂದು ಗೋಡೆಯ ಬಣ್ಣ ಕೆರೆದುಕೊಂಡು ಹೋದ, ನಲ್ಲಿ ನೀರು ಶೀಶೆಯಲ್ಲಿ ಹಿಡಿದುಕೊಂಡು ಹೋದ. ಏನೂ ಸಿಗಲಿಲ್ಲ. ಸರಳಾ ಆಸ್ಪತ್ರೆಯಿಂದ ಬರುವ ಹೊತ್ತಿಗೆ ಕೌಸಲ್ಯಮ್ಮ ಹೊಸ ಸ್ಟೀಲಿನ ಪಾತ್ರೆಯಲ್ಲಿ ಸಾರು ಮಾಡುತ್ತಿದ್ದರು.

“ಹಳೇದು ತೂತು ಬಿತ್ತಂತೆ, ಇವನು ಎಸೆದುಬಿಟ್ಟ. ನನ್ನನ್ನ ಒಂದು ಮಾತು ಕೇಳ್ಲಿಲ್ಲ,” ಎಂದು ದೂರಿದರು. “ಇದರಲ್ಲಿ ಸಾರು ಸಾರಾಗಲ್ಲ ಬಿಡು. ಹುಳಿ ನೀರು.”

ಕೈಗೆ ಹಲಗೆಯ ಪಟ್ಟಿ ಕಟ್ಟಿ, ಮಣಿಕಟ್ಟು ಬೀಳದಂತೆ ಹಿಡಿದಿಟ್ಟಿದ್ದರು. ದಿನಾ ಸಂಜೆ ಪಟ್ಟಿ ಬಿಚ್ಚಿ ವ್ಯಾಯಾಮ. ಲೀನಾ ಶಾಲೆಯ ಮುಂದೆ ರಸ್ತೆ ದಾಟಿಸುವ ಹೆಂಗಸಿನ ಹಾಗೆ ನೆಟ್ಟಗೆ ನಿಂತು, “ಅಮ್ಮಾ, ಸ್ಟಾಪ್ ಮಾಡು,” ಎನ್ನುತ್ತಿದ್ದಳು. ಸರಳಾ ಕೈ ಚಾಚುತ್ತಿದ್ದಳು. ಅಂಗೈ ಜೋತುಬೀಳುತ್ತಿತ್ತು. “ದಿ ಕಾರ್ಸ್ ಆರ್ ಸ್ಟಿಲ್ ಗೋಯಿಂಗ್,” ಎಂದು ಲೀನಾ ತಲೆಯಾಡಿಸುತ್ತಿದ್ದಳು.

ಜನವರಿಯಲ್ಲಿ ಒಂದು ಸಂಜೆ ಊಟದ ಹೊತ್ತಿಗೆ ಕೌಸಲ್ಯಮ್ಮ ಆಫೀಸಿನ ಮಾತೆತ್ತಿದರು.

“ಮನೇಲಿ ಏನೂ ಇಲ್ಲ ಅಂತ ಸರ್ಕಾರದವನೇ ಹೇಳಿ ಹೋದ. ಇನ್ನೆಲ್ಲಿಂದ ಬರತ್ತೆ ವಿಷ? ಆ ಮೆಷೀನಿಂದಾನೇ. ಬಿಟ್ಟುಬಿಡಲಿ ಅದನ್ನ.”

“ಅಲ್ಲಿ ಇನ್ನೂ ಹತ್ತಾರು ಜನ ಇದಾರಮ್ಮಾ. ಯಾರಿಗೂ ಏನೂ ಆಗಿಲ್ಲ.”

“ಅವರು ದನ ಹಂದಿ ತಿನ್ನೋರು, ತಡ್ಕೋತಾರೆ. ಏನೋ ತಿರುಮಲೇಶಾ, ಮಾತಾಡೋ.”

ತಿರುಮಲೇಶ ಮಜ್ಜಿಗೆ ಅನ್ನ ಕಲಸುತ್ತಿದ್ದ. “ಅಮ್ಮ ಹೇಳೋದೂ ಇರಬಹುದು,” ಎಂದ. “ಸದ್ಯಕ್ಕೆ ಬಿಡು ಸರಳಾ. ಆಮೇಲೆ ಬೇಕಾದ್ರೆ ಬೇರೆ ಕಡೆ ಅಪ್ಲೈ ಮಾಡು.”

“ಕೈ ಇಲ್ಲದೋಳಿಗೆ ಬೇರೆ ಕಡೆ ಯಾರು ಕೊಡ್ತಾರೆ? ಇವರು ಕಾಯ್ತೀನಿ ಅಂದಿದಾರೆ.”

ಅವನು ಇನ್ನಷ್ಟು ಮಜ್ಜಿಗೆ ಹಾಕಿಕೊಂಡ. ಅವಳು ಎದ್ದು ತಟ್ಟೆ ತೊಳೆದಳು, ಎಡಗೈಯಲ್ಲಿ.

ಆ ಶನಿವಾರ ಅವಳು ಬಟ್ಟೆ ಒಗೆಯುವುದಕ್ಕೆ ಬೇಸ್‌ಮೆಂಟಿಗೆ ಇಳಿದಳು. ಲೀನಾಳ ಬೂಟಿನ ಲಾಡಿ ಕಿತ್ತುಬಂದಿತ್ತು. ಅದನ್ನು ಕತ್ತರಿಸಲು ಚಾಕು ಬೇಕೆಂದು ತಿರುಮಲೇಶನ ಸಾಮಾನಿನ ಪೆಟ್ಟಿಗೆ ತೆರೆದಳು. ಮೇಲೆ ಹಳೆಯ ಪೇಪರು. ಪೇಪರಿನ ಕೆಳಗೆ ಹಿತ್ತಾಳೆಯ ಪಾತ್ರೆ. ಪಾತ್ರೆಯೊಳಗೆ, ಅರ್ಧ ಕರಗಿದ ಆ ಬೆಳ್ಳಿ ಬಣ್ಣದ ಕಡ್ಡಿ.

ಅವಳು ಪಾತ್ರೆಯನ್ನು ಬೆಳಕಿಗೆ ಹಿಡಿದಳು. ತೂತಿರಲಿಲ್ಲ. ಒಳಗಿನ ಹೊಳಪೆಲ್ಲ ಹೋಗಿ, ಸಾರು ನಿಲ್ಲುವ ಮಟ್ಟದವರೆಗೆ ಬೂದು ಬಣ್ಣಕ್ಕೆ ತಿರುಗಿತ್ತು. ವಾಷಿಂಗ್ ಮೆಷೀನು ತಿರುಗಿ ನಿಲ್ಲುವವರೆಗೂ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದಳು. ಆಮೇಲೆ ಅದನ್ನು ಎಡ ಕಂಕುಳಲ್ಲಿ ಇರುಕಿಕೊಂಡು ಮೇಲೆ ಬಂದಳು. ತಿರುಮಲೇಶ ಊಟಕ್ಕೆ ಕೂತಿದ್ದ. ಲೀನಾ ಪಕ್ಕದ ಮನೆಗೆ ಆಡಲು ಹೋಗಿದ್ದಳು. ಸರಳಾ ಪಾತ್ರೆಯನ್ನು ಅವನ ತಟ್ಟೆಯ ಮುಂದೆ ಇಟ್ಟಳು.

“ಅಯ್ಯೋ, ಇಲ್ಲೇ ಇತ್ತಾ?” ಕೌಸಲ್ಯಮ್ಮನ ಮುಖ ಅರಳಿತು. ಎತ್ತಿ ಕಿಟಕಿಗೆ ಹಿಡಿದರು. “ತೂತು ಬಿತ್ತು ಅಂದೆಯಲ್ಲೋ. ಎಲ್ಲಿದೆ ತೂತು?”

“ಕೆಳಗಿಡಿ ಅಮ್ಮಾ.”

“ಯಾಕೆ?”

“ಅವರನ್ನೇ ಕೇಳಿ.” ಸರಳಾ ಕಡ್ಡಿಯನ್ನು ಮೇಜಿನ ಮೇಲಿಟ್ಟಳು. “ಇದರಲ್ಲಿ ಏನಿದೆ?”

“ತವರ,” ಎಂದ ತಿರುಮಲೇಶ.

“ಪೂರ್ತಿ ತವರಾನಾ?”

“ಮೂರರಲ್ಲಿ ಒಂದು ಪಾಲು.”

“ಮಿಕ್ಕಿದ್ದು?”

ಅವನು ಕೈ ತಟ್ಟೆಯಲ್ಲೇ ಇಟ್ಟುಕೊಂಡು ಕೂತಿದ್ದ. “ಸೀಸ.”

ಕೌಸಲ್ಯಮ್ಮ ಪಾತ್ರೆಯನ್ನು ಕೆಳಗಿಟ್ಟರು.

“ನಿಮಗೆ ಗೊತ್ತಿತ್ತಾ?” ಎಂದಳು ಸರಳಾ.

“ಸೀಸ ಇದೆ ಅಂತ ಗೊತ್ತಿತ್ತು. ಹೊಗೆ ಕುಡೀಬಾರದು ಅಂತ ಗೊತ್ತಿತ್ತು. ಅದಕ್ಕೇ ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದಿಟ್ಟು ಮಾಡಿದೆ. ಗಟ್ಟಿಯಾದಮೇಲೆ ಏನಾಗತ್ತೆ, ಬರೀ ಒಂದು ಪದರ ಅಂದ್ಕೊಂಡೆ. ದೇವರಾಣೆ, ಅಷ್ಟೇ ಅಂದ್ಕೊಂಡಿದ್ದು.”

“ಶರಣಪ್ಪನೋರು ಕೇಳಿದಾಗ?”

“ಆಗ ಹೊಳೀತು.”

“ಹೊಳೆದು?”

“ಅಮ್ಮ ಎದೆ ಒಡ್ಕೋತಾಳೆ ಅನ್ನಿಸ್ತು. ಪಾತ್ರೆ ತೆಗೆದಿಟ್ಟುಬಿಟ್ಟರೆ ಆಯ್ತಲ್ಲ, ನೀನು ಹೇಗೂ ಹುಷಾರಾಗ್ತೀಯ ಅಂತ...”

“ಅಮ್ಮನ ಹೆಸರು ಹೇಳಬೇಡಿ.” ಅವಳ ದನಿ ಏರಲಿಲ್ಲ. “ಮೊನ್ನೆ ಇದೇ ಮೇಜಿನ ಮುಂದೆ ಕೂತು ನನಗೆ ಕೆಲಸ ಬಿಡು ಅಂದ್ರಿ. ಗೊತ್ತಿದ್ದೂ ಅಂದ್ರಿ. ಅದೂ ಹೋಗ್ಲಿ. ಲೀನಾ ರಕ್ತ ನೋಡಿಸಿದ್ರಾ?”

“ಅವಳು ಸಾರು ತಿನ್ನಲ್ಲವಲ್ಲ...”

“ಜ್ವರ ಬಂದಾಗೆಲ್ಲ ನಾನೇ ಕಲಸಿ ತಿನ್ನಿಸಿದೀನಿ. ಸೆಪ್ಟೆಂಬರಲ್ಲಿ ಒಂದು ವಾರ ಅದೇ ಊಟ. ನೀವು ಆಗ ಮನೇಲಿ ಇದ್ರಿ.”

ತಿರುಮಲೇಶ ಎದ್ದು ಹೋಗಿ ಕೈ ತೊಳೆದುಕೊಂಡ. ಬಹಳ ಹೊತ್ತು ನಲ್ಲಿ ಹರಿಯುತ್ತಲೇ ಇತ್ತು. ಅವನು ವಾಪಸು ಬಂದಾಗ ಕೌಸಲ್ಯಮ್ಮ ಇನ್ನೂ ಪಾತ್ರೆಯನ್ನೇ ನೋಡುತ್ತಿದ್ದರು.

“ಕಲಾಯಿ ಹಾಕ್ಸು ಅಂತ ನಾನೇ ಕಾಡಿದ್ದು,” ಎಂದರು. “ಆದ್ರೆ ನಾನೂ ಅದೇ ಸಾರು ತಿಂದೆನಲ್ಲೋ. ನೀನೂ ತಿಂದೆ. ನಮಗ್ಯಾಕೆ ಏನೂ ಆಗ್ಲಿಲ್ಲ?”

ಸರಳಾಳೇ ಶಿಕಾಗೋಗೆ ಫೋನು ಮಾಡಿದಳು. ಭುಜಕ್ಕೂ ಕಿವಿಗೂ ನಡುವೆ ರಿಸೀವರ್ ಇರುಕಿಕೊಂಡು, ಪಾತ್ರೆ, ಕಡ್ಡಿ, ಸಾರಿಗೆ ಬಂದ ಸಿಹಿ ಎಲ್ಲ ಹೇಳಿದಳು. ಶರಣಪ್ಪ ಯಾರನ್ನೂ ಬೈಯಲಿಲ್ಲ.

“ಸಾರು ಆ ಪಾತ್ರ್ಯಾಗ ಎಷ್ಟೊತ್ತು ಇರ್ತಿತ್ತು?”

“ಮಾರನೇ ದಿನದವರೆಗೂ.”

“ಆ ತಂಗಳ ಸಾರು ಉಣ್ಣಾವ್ರು ಯಾರು?”

“ನಾನು.”

“ನೀವೊಬ್ಬರ?”

“ನಾನೊಬ್ಬಳೇ.”

“ಹಂಗಂದ್ರ ಲೆಕ್ಕ ಸರಿ ಆತು. ಹುಣಸಿ ಹುಳಿ ರಾತ್ರಿಯೆಲ್ಲಾ ಕುಂತು ಸೀಸ ತಿಂತದ್ರಿ, ಆ ಸಿಹಿ ಸೀಸದ್ದ. ಬಿಸಿ ಇದ್ದಾಗ ಉಂಡವರಿಗೆ ಕಡಿಮಿ. ಕಡೀಗೆ ಉಂಡವರಿಗೆ ಎಲ್ಲಾ ಬರ್ತದ. ಆದ್ರೂ ಮೂರೂ ಮಂದಿ ರಕ್ತ ನೋಡಸ್ರಿ, ಕೂಸಿಂದು ಮೊದಲು.”

ಫೋನು ಇಟ್ಟು ಸರಳಾ ಆ ಮಾತನ್ನು ಹಾಗೆಯೇ ಹೇಳಿದಳು. ಬಿಸಿಯಾಗಿ ಉಂಡವರಿಗೆ ಕಡಿಮೆ, ಕಡೆಗೆ ಉಂಡವರಿಗೆ ಎಲ್ಲಾ. ಕೌಸಲ್ಯಮ್ಮ ಸೆರಗು ಹೊದ್ದು ತಮ್ಮ ಕೋಣೆಗೆ ಹೋದರು. ಅವತ್ತು ಅವರು ಉಣ್ಣಲಿಲ್ಲ. ಯಾರೂ ಕರೆಯಲಿಲ್ಲ.

ಲೀನಾಳ ರಕ್ತದ ವರದಿ ಬರುವವರೆಗೆ ತಿರುಮಲೇಶ ಪೆಟ್ರೋಲಿನ ಸಾಲಿನಲ್ಲಿ ನಿಂತು ಬಂದು, ಹಿಮ ಗೋರಿ, ತಾನೇ ಅನ್ನಕ್ಕಿಟ್ಟು, ಮಗಳ ಜಡೆ ಹಾಕುವುದನ್ನೂ ಕಲಿತ. ವಕ್ರವಾಗಿ ಬರುತ್ತಿತ್ತು. ವರದಿಯಲ್ಲಿ ಲೀನಾಳದು ಸ್ವಲ್ಪ ಹೆಚ್ಚಿತ್ತು, ಔಷಧಿ ಬೇಕಾಗಿರಲಿಲ್ಲ. ಮತ್ತೆ ಮತ್ತೆ ನೋಡಿಸುತ್ತಿರಬೇಕು ಎಂದರು. ಕೌಸಲ್ಯಮ್ಮನದು ಅದಕ್ಕಿಂತ ಕೊಂಚ ಹೆಚ್ಚು, ತಿರುಮಲೇಶನದು ಎಲ್ಲರಿಗಿಂತ ಕಡಿಮೆ. ಅದನ್ನು ಕೇಳಿ ಅವನು ಹೊರಗೆ ಹೋಗಿ ಕಾರಿನಲ್ಲಿ ಕೂತ. ಸರಳಾ ಅಡಿಗೆಮನೆಯ ಕಿಟಕಿಯಿಂದ ನೋಡಿದಳು, ಕರೆಯಲು ಹೋಗಲಿಲ್ಲ. ಲೀನಾ ಹೋಗಿ ಕರೆತಂದಳು.

ಕಸದ ಗಾಡಿ ಬರುವ ದಿನ ಕೌಸಲ್ಯಮ್ಮ ತಾವೇ ಆ ಪಾತ್ರೆಯನ್ನು ಕೊಂಡೊಯ್ದು ಡಬ್ಬದಲ್ಲಿ ಹಾಕಿದರು. ಗಾಡಿ ತಿರುವು ದಾಟುವವರೆಗೂ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಒಳಗೆ ಬಂದು, ಫ್ರಿಜ್ಜು ತೆರೆದು, ಮೊಟ್ಟೆಯನ್ನು ಕೆಳಗಿನ ಅರೆಗೆ ಸರಿಸಿ, ಸ್ಟೀಲಿನ ಪಾತ್ರೆಯನ್ನು ಮೇಲಿನ ಅರೆಯಲ್ಲಿಟ್ಟರು.

ಏಪ್ರಿಲ್ ಬಂತು. ಹೊಟ್ಟೆನೋವು ಹೋಗಿತ್ತು, ಮುಖಕ್ಕೆ ಬಣ್ಣ ಬಂದಿತ್ತು. ಎಡಗೈ ಪೂರ್ತಿ ಸರಿಹೋಗಿತ್ತು. ಬಲಗೈಯಲ್ಲಿ ಮೊದಲು ನಡುಬೆರಳು ಒಂದಿಷ್ಟು ಎದ್ದಿತು. ಆಫೀಸಿನವರು ಅರ್ಧ ದಿನದ ಕೆಲಸಕ್ಕೆ ತೆಗೆದುಕೊಂಡರು. ಸದ್ಯಕ್ಕೆ ಕಾರ್ಡು ಪಂಚ್ ಮಾಡುವುದಲ್ಲ, ಜೋಡಿಸಿಡುವುದು. ಕೌಸಲ್ಯಮ್ಮ ತಡೆಯಲಿಲ್ಲ. ಗಂಡನೊಂದಿಗೆ ಸರಳಾ ಮನೆಗೆ ಬೇಕಾದಷ್ಟು ಮಾತಾಡುತ್ತಿದ್ದಳು. ಸಂಜೆ ಲೀನಾ ಸ್ಟಾಪ್ ಎನ್ನುವುದು, ಇವಳು ಕೈ ಚಾಚುವುದು ನಡೆದೇ ಇತ್ತು. ಅಂಗೈ ಅರ್ಧಕ್ಕೆ ಬಂದು ನಡುಗಿ ಇಳಿಯುತ್ತಿತ್ತು.

ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಕೌಸಲ್ಯಮ್ಮ ಬಡಿಸುತ್ತಿದ್ದರು. ಮಗನಿಗೂ ಮೊಮ್ಮಗಳಿಗೂ ಆಗಷ್ಟೇ ಇಳಿಸಿದ ಸಾರು ಹಾಕಿದರು. ಆಮೇಲೆ ಫ್ರಿಜ್ಜಿನಿಂದ ನಿನ್ನೆಯ ಪಾತ್ರೆ ತೆಗೆದರು. ಅದರಲ್ಲಿ ಎರಡು ಸೌಟಿನಷ್ಟು ಉಳಿದಿತ್ತು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಸೊಸೆಯ ತಟ್ಟೆಯ ಕಡೆ ಹೋಯಿತು. ಸೌಟು ಬಗ್ಗಿತು.

ಸರಳಾಳ ಬಲಗೈ ತಟ್ಟೆಯ ಮೇಲೆ ಎದ್ದು ಬಂತು. ಅಂಗೈ ನೆಟ್ಟಗೆ, ಐದೂ ಬೆರಳು ಬಿಡಿಸಿಕೊಂಡು, ಸೌಟಿಗೆ ಅಡ್ಡವಾಗಿ ನಿಂತಿತು.

“ನನಗೆ ಬೇಡ ಅಮ್ಮಾ,” ಎಂದಳು.

ಹೇಳಿದ ಮೇಲೆ ಅವಳಿಗೇ ತನ್ನ ಕೈ ಕಾಣಿಸಿತು. ಅದು ಸ್ವಲ್ಪ ನಡುಗುತ್ತಿತ್ತು, ಆದರೆ ಇಳಿಯಲಿಲ್ಲ. ಲೀನಾ ತುತ್ತು ಬಾಯಿಯ ಹತ್ತಿರ ಹಿಡಿದವಳು ಹಾಗೇ ನೋಡಿದಳು. ತಿರುಮಲೇಶ ತಲೆ ತಗ್ಗಿಸಿದ.

ಕೌಸಲ್ಯಮ್ಮ ಸೌಟು ಹಿಡಿದು ನಿಂತಿದ್ದರು. ಚೆಲ್ಲುವುದಕ್ಕೆ ಅವರಿಗೆ ಮನಸ್ಸಿಲ್ಲ, ಯಾವತ್ತೂ ಇರಲಿಲ್ಲ. ಬಚ್ಚಲ ಕಡೆ ಒಮ್ಮೆ ನೋಡಿದರು. ಆಮೇಲೆ ತಮ್ಮ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಬಿಸಿ ಅನ್ನದ ಮೇಲೆ ಆ ತಣ್ಣಗಿನ ಸಾರನ್ನು ಪೂರ್ತಿ ಬಗ್ಗಿಸಿಕೊಂಡು, ಕೂತು ಕಲಸತೊಡಗಿದರು.

“ಹೊಸ ಸಾರು ಅವಳಿಗೆ ಹಾಕೋ,” ಎಂದರು ಮಗನಿಗೆ, ತಲೆ ಎತ್ತದೆ.